ಬೀಮಿನ ರಾಡು ಮೇಲೋ, ಕೆಳಗೋ? ಕನ್ಸಲ್ಟೆನ್ಸಿ ಇಂಟರ್‌ವ್ಯೂಗೆ ಹೊರಟ ಗೌಂಡಿಯ ಮಗಳಿಗೆ

ಪ್ರಶ್ನೆ: ನಾನು ಬೀಳಗಿ ತಾಲ್ಲೂಕಿನವಳು, ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರಿನವರಿಗೆಂದು ಕಟ್ಟಿದ ಒಂದು ಪುನರ್ವಸತಿ ಕೇಂದ್ರದಲ್ಲಿ ನಮ್ಮ ಮನೆ. ಈ ವರ್ಷ ಬಾಗಲಕೋಟೆಯಲ್ಲಿ ಸಿವಿಲ್ ಬಿಇ ಮುಗಿಸಿದೆ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಅಪ್ಪ ಗೌಂಡಿ. ಕ್ಯಾಂಪಸ್ಸಿಗೆ ಬಂದವು ಹೆಚ್ಚಾಗಿ ಸಾಫ್ಟ್‌ವೇರ್ ಕಂಪನಿಗಳೇ. ನನಗೆ ಡಿಸೈನ್ ಕೆಲಸವೇ ಬೇಕು. ಹೋದ ತಿಂಗಳು ಬೆಳಗಾವಿಯ ಒಂದು ಸ್ಟ್ರಕ್ಚರಲ್ ಕನ್ಸಲ್ಟೆನ್ಸಿಯ (ಕಟ್ಟಡದ ಬಲದ ಲೆಕ್ಕ ಹಾಕಿ ಡ್ರಾಯಿಂಗ್ ಕೊಡುವ ಕಚೇರಿಯ) ಇಂಟರ್‌ವ್ಯೂಗೆ ಹೋಗಿದ್ದೆ. ಎರಡು ಕಂಬದ ಮೇಲೆ ಒಂದು ಬೀಮ್, ಒಂದು ಬದಿಗೆ ನಾಲ್ಕು ಅಡಿ ಹೊರಗೆ ಚಾಚಿದೆ, ಮುಖ್ಯ ರಾಡು ಎಲ್ಲೆಲ್ಲಿ ಬರುತ್ತದೆ ಎಂದು ಕೇಳಿದರು. ಗೊತ್ತಿದ್ದೂ ಬಾಯಿ ಬರಲಿಲ್ಲ. ತಂದೆ ಏನು ಮಾಡುತ್ತಾರೆ ಎಂದಾಗ ‘ಬಿಸಿನೆಸ್’ ಎಂದುಬಿಟ್ಟೆ. ಎರಡು ವಾರದಲ್ಲಿ ಇನ್ನೊಂದು ಕಡೆ ಕರೆದಿದ್ದಾರೆ. ಇವರು ನಿಜವಾಗಿ ನೋಡುವುದು ಏನನ್ನು? ಇಂಗ್ಲಿಷ್ ಸರಿ ಇಲ್ಲದಿದ್ದರೆ ನಡೆಯುತ್ತದೆಯೇ? ಸ್ಟ್ಯಾಡ್ ಪ್ರೊ, ಇಟ್ಯಾಬ್ಸ್‌ನಂಥ ಕಟ್ಟಡ ಡಿಸೈನಿನ ಸಾಫ್ಟ್‌ವೇರ್ ಕೋರ್ಸ್ ಮಾಡಿಕೊಳ್ಳಬೇಕೇ? ಎರಡು ವರ್ಷದ ಬಾಂಡ್ ಬರೆಸಿಕೊಂಡು ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರಂತೆ. ಕೊಡಬಹುದೇ?

ಉತ್ತರ: ತಂಗಿ, ನೀನು ನನ್ನ ಮಗಳ ವಯಸ್ಸಿನವಳು, ಸಲುಗೆಯಿಂದ ‘ನೀನು’ ಎಂದೇ ಬರೆಯುತ್ತೇನೆ. ಬೆಳಗಾವಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮೇಜಿನ ಆ ಬದಿಗೆ ಕುಳಿತು ಹೊಸ ಹುಡುಗ-ಹುಡುಗಿಯರನ್ನು ಮಾತಾಡಿಸಿದ್ದೇನೆ. ನಿನಗೆ ಕೇಳಿದ ಬೀಮನ್ನು ನಾನೂ ಎಷ್ಟೋ ಸಲ ಕೇಳಿದ್ದೇನೆ. ಅದಕ್ಕೇ ಮೊದಲು ಆ ಬೀಮಿನ ಹತ್ತಿರವೇ ಹೋಗೋಣ.

ಆ ಪ್ರಶ್ನೆ ಇಟ್ಟವರು ನಿನ್ನನ್ನು ಸಿಕ್ಕಿಸಲು ಇಟ್ಟದ್ದಲ್ಲ. ಒಂದು ಸಲ ವಿಜಯಪುರದ ಕಡೆಯ ಹುಡುಗನೊಬ್ಬ ಇದೇ ಚಿತ್ರಕ್ಕೆ ಉದ್ದಕ್ಕೂ ಕೆಳಗೇ ರಾಡು ಎಳೆದ. ‘ಚಾಚಿದ ಕಡೆನೂ ಕೆಳಗೇನಪ್ಪಾ?’ ಎಂದೆ. ಸುಮ್ಮನಾದ. ಆಮೇಲೆ ಮೇಜಿನ ಮೇಲಿದ್ದ ಉದ್ದನೆಯ ರಬ್ಬರ್ ತೆಗೆದುಕೊಂಡು, ಪೆನ್ಸಿಲ್ ಕೆತ್ತುವ ಬ್ಲೇಡಿನಿಂದ ಅದರ ಮೇಲ್ಮೈಗೆ ಒಂದು ಗೀರು, ಕೆಳಮೈಗೆ ಒಂದು ಗೀರು ಹಾಕಿದ. ಒಂದು ತುದಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಬೆರಳಿನಿಂದ ಕೆಳಗೆ ಅದುಮಿದ. ಮೇಲಿನ ಗೀರು ಬಾಯಿ ಬಿಟ್ಟಿತು, ಕೆಳಗಿನದು ಮುಚ್ಚಿಕೊಂಡಿತು. ‘ಸರ್, ತಪ್ಪಾತ್ರಿ. ಇಲ್ಲಿ ಎಳತ ಮ್ಯಾಲ ಐತಿ, ರಾಡು ಮ್ಯಾಲ ಬರಬೇಕು’ ಎಂದು ತಾನೇ ಗೆರೆ ಅಳಿಸಿ ತಿದ್ದಿದ. ಕಾಂಕ್ರೀಟು ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ, ಎಳೆತ ಇರುವ ಕಡೆಗೇ ರಾಡು ಬೇಕು. ಆ ರಾಡನ್ನು ಕಂಬದ ಹತ್ತಿರವೇ ಕತ್ತರಿಸದೆ ಒಳಗಿನ ಸ್ಪ್ಯಾನಿಗೂ, ಅಂದರೆ ಎರಡು ಕಂಬಗಳ ನಡುವಿನ ಭಾಗಕ್ಕೂ, ಸಾಕಷ್ಟು ದೂರ ಒಯ್ಯಬೇಕೆಂದೂ ಹೇಳಿದ. ಅವನನ್ನು ಅಂದೇ ತೆಗೆದುಕೊಂಡೆವು. ಮೊದಲ ಉತ್ತರ ತಪ್ಪಾಗಿತ್ತು, ನಿಜ. ಆದರೆ ತಪ್ಪನ್ನು ತಾನೇ ಹಿಡಿದು, ತಾನೇ ತಿದ್ದಿ, ಯಾಕೆಂದು ತೋರಿಸಿದ. ನಮಗೆ ಬೇಕಾದದ್ದು ಅದೇ.

ಯಾಕೆಂದರೆ ಕನ್ಸಲ್ಟೆನ್ಸಿ ಮಾರುವುದು ಸಿಮೆಂಟನ್ನಲ್ಲ, ಕಬ್ಬಿಣವನ್ನಲ್ಲ. ಮಾರುವುದು ಸಹಿ ಹಾಕಿದ ಒಂದು ಡ್ರಾಯಿಂಗ್. ಆ ಹಾಳೆಯ ಗೆರೆಯನ್ನು ನಂಬಿ ಬಾರ್ ಬೆಂಡರ್ ರಾಡು ಬಗ್ಗಿಸುತ್ತಾನೆ, ಗೌಂಡಿ ಕಾಂಕ್ರೀಟ್ ಸುರಿಯುತ್ತಾನೆ, ಒಂದು ಕುಟುಂಬ ಅದರ ಕೆಳಗೆ ಮಲಗುತ್ತದೆ. ಕಾಂಕ್ರೀಟು ಬಿದ್ದ ಮೇಲೆ ತಪ್ಪನ್ನು ರಬ್ಬರಿನಿಂದ ಅಳಿಸಲಾಗದು. ಹೊಸಬರು ತಪ್ಪು ಮಾಡುತ್ತಾರೆ, ಅದು ನಮಗೆ ಗೊತ್ತು. ತಪ್ಪು ಮಾಡಿದಾಗ ಬಚ್ಚಿಡುವವರೋ, ಹೇಳುವವರೋ ಎಂಬುದು ಆ ಅರ್ಧ ಗಂಟೆಯಲ್ಲಿ ತಿಳಿಯಬೇಕು. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ರಿ ಸರ್, ಆದರ ಹಿಂಗ ಇರಬಹುದು ಅನಸ್ತೈತಿ’ ಎಂದು ಪೆನ್ಸಿಲ್ ಎತ್ತಿಕೊಂಡವರನ್ನು ನಾವು ಬಿಡುವುದಿಲ್ಲ. ಬಾಯಿಪಾಠ ಒಪ್ಪಿಸಿದವರು ಎರಡನೆಯ ‘ಯಾಕೆ’ಗೇ ನಿಂತುಬಿಡುತ್ತಾರೆ.

ಇನ್ನು ‘ಬಿಸಿನೆಸ್’ ಎಂದ ಮಾತು. ಪತ್ರದಲ್ಲಿ ನನಗೆ ನೋವಾದದ್ದು ಇದೊಂದೇ. ತಂಗಿ, ಗೌಂಡಿಯ ಮಗಳು ಎಂಬುದು ಈ ಕೆಲಸದಲ್ಲಿ ನಿನ್ನ ದೊಡ್ಡ ಆಸ್ತಿ. ಇದೇ ಬೀಮಿನ ಬದಲು ಬಾಲ್ಕನಿಯ ಸ್ಲ್ಯಾಬನ್ನೇ ತೆಗೆದುಕೋ. 125 ಮಿ.ಮೀ. ದಪ್ಪದ ಸ್ಲ್ಯಾಬು, ಮೇಲಿನ ರಾಡು ತಳದಿಂದ ಸುಮಾರು 100 ಮಿ.ಮೀ. ಎತ್ತರದಲ್ಲಿರಬೇಕು ಎಂದು ನಾವು ಲೆಕ್ಕ ಹಾಕಿರುತ್ತೇವೆ. ಕಾಂಕ್ರೀಟು ಹಾಕುವ ದಿನ ಬುಟ್ಟಿ ಹೊತ್ತವರು ಆ ರಾಡಿನ ಮೇಲೆಯೇ ಓಡಾಡುತ್ತಾರೆ. ತುಳಿದು ತುಳಿದು ರಾಡು 60ಕ್ಕೆ ಇಳಿದರೆ ಸ್ಲ್ಯಾಬಿನ ಬಲ ಹೆಚ್ಚುಕಡಿಮೆ ಶೇಕಡಾ 40ರಷ್ಟು ಹೋಯಿತು. ಡ್ರಾಯಿಂಗ್ ಸರಿಯಾಗಿಯೇ ಇದೆ, ರಾಡೂ ಅಷ್ಟೇ ಇದೆ, ಬಾಲ್ಕನಿ ಮಾತ್ರ ಜೋಲುತ್ತದೆ. ಇದನ್ನು ತಡೆಯಲು ರಾಡಿನ ಕೆಳಗೆ ಕುರ್ಚಿಯ ಆಕಾರಕ್ಕೆ ಬಗ್ಗಿಸಿದ ತುಂಡು ಇಡಬೇಕು, ಓಡಾಡಲು ಹಲಗೆ ಹಾಸಬೇಕು. ನಿಮ್ಮಪ್ಪನಿಗೆ ಇದು ಕಾಲೇಜು ಇಲ್ಲದೆಯೇ ಗೊತ್ತು. ನೀನು ಅದನ್ನು ಕಣ್ಣಾರೆ ಕಂಡಿರುತ್ತೀ. ಮುಂದಿನ ಸಲ ‘ನಮ್ಮಪ್ಪ ಗೌಂಡಿರಿ, ನಾನು ಸ್ಲ್ಯಾಬ್ ಹಾಕೂದನ್ನ ನೋಡೇನಿ’ ಎಂದು ತಲೆ ಎತ್ತಿ ಹೇಳು. ಆಮೇಲೆ ಮಾತು ಎತ್ತ ತಿರುಗುತ್ತದೆಂದು ನೋಡು.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಎರೆಮಣ್ಣನ್ನು ಕೇಳದೆ ಬಿಡುವ ಕಚೇರಿ ಇರಲಿಕ್ಕಿಲ್ಲ. ಇದನ್ನು ಪುಸ್ತಕದಿಂದಲ್ಲ, ನಿಮ್ಮೂರಿನಿಂದ ಶುರು ಮಾಡು. ಬೇಸಿಗೆಯಲ್ಲಿ ಎರೆಹೊಲ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಮುಚ್ಚಿಕೊಂಡು ಉಬ್ಬುತ್ತದೆ. ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿಕಣಗಳು ನೀರು ಹೀರಿ ಹಿಗ್ಗುವುದರಿಂದ ಹೀಗೆ. ಮನೆಯ ಅಂಚಿನ ಮಣ್ಣು ಒಣಗುತ್ತದೆ, ನೆನೆಯುತ್ತದೆ, ನಡುಮನೆಯ ಕೆಳಗಿನದು ಅಷ್ಟು ಬದಲಾಗುವುದಿಲ್ಲ. ಪಾಯ ಒಂದೊಂದು ಕಡೆ ಒಂದೊಂದು ಥರ ಏರಿಳಿದು, ಕಿಟಕಿಯ ಮೂಲೆಯಿಂದ ಗೋಡೆಗೆ ಓರೆಬಿರುಕು ಬರುತ್ತದೆ. ಇಷ್ಟು ಹೇಳಿದರೆ ಅರ್ಧ ಗೆದ್ದಂತೆ. ಉಳಿದರ್ಧ ಪರಿಹಾರ. ಎರೆ ತೆಳುವಿದ್ದರೆ ಅಗೆದು ಗಟ್ಟಿ ನೆಲ ಮುಟ್ಟುವುದು, ಇಲ್ಲವೆ ಎರೆ ತೆಗೆದು ಗರಸು ತುಂಬಿ ದಮ್ಮಸು ಮಾಡುವುದು. ಆಳವಾಗಿದ್ದರೆ ತೇವ ಏರಿಳಿಯುವ ಪದರ ದಾಟಿ ಅಂಡರ್‌ರೀಮ್ಡ್ ಪೈಲ್, ಅಂದರೆ ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬ, ನೆಲದೊಳಗೆ ಇಳಿಸುವುದು. ಆ ಪೈಲಿನ ಬುಡದ ಗೆಡ್ಡೆ ಸಾಮಾನ್ಯವಾಗಿ ಕಾಂಡದ ವ್ಯಾಸದ ಎರಡೂವರೆ ಪಟ್ಟು ಇರುತ್ತದೆ, ನಿಯಮಗಳು ಭಾರತೀಯ ಮಾನಕ ಐಎಸ್ 2911ರ ಮೂರನೆಯ ಭಾಗದಲ್ಲಿವೆ. ಆ ಗೆಡ್ಡೆ ಭಾರ ಹೊರುವುದಷ್ಟೇ ಅಲ್ಲ, ಮಣ್ಣು ಉಬ್ಬಿ ಮೇಲಕ್ಕೆ ಎಳೆದಾಗ ಲಂಗರಿನಂತೆ ಹಿಡಿದು ನಿಲ್ಲಿಸುತ್ತದೆ. ಈ ಕೊನೆಯ ಮಾತನ್ನು ಹೇಳುವವರು ಕಡಿಮೆ. ಹೇಳಿದವರ ಹೆಸರಿನ ಮುಂದೆ ನಾನು ಗುರುತು ಹಾಕಿಕೊಳ್ಳುತ್ತೇನೆ.

ಮಣ್ಣಿನ ವರದಿಯೊಂದನ್ನು ಕಾಲೇಜಿನ ಲ್ಯಾಬಿನಲ್ಲಿ ಕೇಳಿ ಓದು. ಅದರಲ್ಲಿ ‘ಎನ್ ವ್ಯಾಲ್ಯೂ 14’ ಎಂದಿದ್ದರೆ ಏನಾಯಿತೆಂದು ಕಣ್ಣಿಗೆ ಕಟ್ಟಬೇಕು. 63.5 ಕೆ.ಜಿ. ಸುತ್ತಿಗೆ 75 ಸೆಂ.ಮೀ. ಎತ್ತರದಿಂದ ಬೀಳುತ್ತದೆ. ಮೊದಲ 15 ಸೆಂ.ಮೀ. ಬಿಟ್ಟು ಮುಂದಿನ 30 ಸೆಂ.ಮೀ. ಕೊಳವೆ ಮಣ್ಣಿನೊಳಗೆ ಇಳಿಯಲು 14 ಪೆಟ್ಟು ಬೇಕಾದವು. ಅಷ್ಟೇ.

ಲೆಕ್ಕದ ವಿಷಯಕ್ಕೆ ಬರುತ್ತೇನೆ. ಸ್ಟ್ಯಾಡ್ ಪ್ರೊ, ಇಟ್ಯಾಬ್ಸ್ ಕಲಿಯಬೇಕೇ ಎಂದು ಕೇಳಿದ್ದೀ. ಆಟೋಕ್ಯಾಡ್ ಕೈಗೆ ಕುಳಿತಿರಲಿ, ಎಕ್ಸೆಲ್ ಚೆನ್ನಾಗಿ ಬರಲಿ. ಉಳಿದೆರಡರಲ್ಲಿ ಒಂದನ್ನು ತೆರೆದು ಒಂದು ಮನೆಯ ಚೌಕಟ್ಟು ಮಾಡಿ ನೋಡಿದ್ದರೆ ಸಾಕು. ಸಾಲ ಮಾಡಿ ಸರ್ಟಿಫಿಕೇಟ್ ಕೋರ್ಸಿಗೆ ಹಣ ಸುರಿಯಬೇಡ. ಕೆಲಸಕ್ಕೆ ಸೇರಿದ ಮೇಲೆ ಪಕ್ಕದ ಕುರ್ಚಿಯವರು ಅದನ್ನು ಕೆಲವೇ ತಿಂಗಳಲ್ಲಿ ಕಲಿಸುತ್ತಾರೆ. ಕಲಿಸಲು ಕಷ್ಟವಾಗುವುದು ಕಂಪ್ಯೂಟರ್ ಕೊಟ್ಟ ಉತ್ತರವನ್ನು ಅನುಮಾನಿಸುವುದು. ಇಂಟರ್‌ವ್ಯೂನಲ್ಲಿ ನಾವು ಕೇಳುವ ಕೈಲೆಕ್ಕ ಎಷ್ಟು ಸಣ್ಣದೆಂದು ಇಲ್ಲೇ ತೋರಿಸುತ್ತೇನೆ.

ನೆಲಮಹಡಿ ಮತ್ತು ಮೇಲೆರಡು, ಕಂಬಗಳ ನಡುವೆ ಎರಡೂ ದಿಕ್ಕಿಗೆ 4 ಮೀಟರ್. ನಡುಗಂಬದ ಪಾಲಿಗೆ ಪ್ರತಿ ಮಹಡಿಯಲ್ಲಿ 16 ಚದರ ಮೀಟರ್ ಬರುತ್ತದೆ. 125 ಮಿ.ಮೀ. ಸ್ಲ್ಯಾಬಿನ ಸ್ವಂತ ತೂಕ ಚದರ ಮೀಟರಿಗೆ 3.1 ಕಿಲೋನ್ಯೂಟನ್, ಫಿನಿಶಿಂಗ್ 1, ವಾಸದ ಮನೆಯ ಬಳಕೆಭಾರ 2. ಬೀಮು, ಗೋಡೆ ಸೇರಿಸಿ ಒಟ್ಟು 12 ಎಂದು ಹಿಡಿಯೋಣ. 16 ಗುಣಿಸು 12 ಗುಣಿಸು ಮೂರು ಛಾವಣಿ, 576 ಕಿಲೋನ್ಯೂಟನ್. ಪಾಯದ ತೂಕಕ್ಕೆಂದು ಶೇಕಡಾ 10 ಸೇರಿಸಿದರೆ ಸುಮಾರು 634. ಮಣ್ಣು ಚದರ ಮೀಟರಿಗೆ 150 ತಾಳುತ್ತದೆಂದರೆ 4.2 ಚದರ ಮೀಟರ್ ಪಾಯ ಬೇಕು, ಅಂದರೆ 2.1 ಮೀಟರ್ ಚೌಕ ಸಾಕು. ಇಷ್ಟೇ. ಕಂಪ್ಯೂಟರ್ ಇದೇ ಕಂಬಕ್ಕೆ 5,000 ಎಂದೋ 60 ಎಂದೋ ತೋರಿಸಿದರೆ ಎಲ್ಲೋ ಒಂದು ಸೊನ್ನೆ ಜಾರಿದೆ ಎಂದು ತಕ್ಷಣ ಹೊಳೆಯಬೇಕು. ಹೊಳೆಯುವ ಹುಡುಗಿ ಬೇಕು ನಮಗೆ.

ಇದರ ಜೊತೆ ನಾಲಿಗೆಯ ತುದಿಯಲ್ಲಿರಬೇಕಾದವು ಕೆಲವು ಇವೆ. ಆರ್‌ಸಿಸಿಯ, ಅಂದರೆ ರಾಡು ಹಾಕಿದ ಕಾಂಕ್ರೀಟಿನ, ತೂಕ ಘನ ಮೀಟರಿಗೆ 25 ಕಿಲೋನ್ಯೂಟನ್. ರಾಡಿನ ತೂಕಕ್ಕೆ ಮಿ.ಮೀ. ವ್ಯಾಸದ ವರ್ಗವನ್ನು 162ರಿಂದ ಭಾಗಿಸುವುದು, ಮೀಟರಿಗೆ ಎಷ್ಟು ಕೆ.ಜಿ. ಎಂದು ಬರುತ್ತದೆ. ಅದರಂತೆ 12 ಮಿ.ಮೀ. ರಾಡು, 12 ಮೀಟರಿನ ಒಂದು ಪೂರ್ತಿ ತುಂಡು, ಹತ್ತೂಮುಕ್ಕಾಲು ಕೆ.ಜಿ.ಗೆ ಸ್ವಲ್ಪ ಕಡಿಮೆ. ಕಾಂಕ್ರೀಟಿನ ಮಾನಕ ಐಎಸ್ 456ರ ಪ್ರಕಾರ ಪಾಯದ ಕವರ್, ಅಂದರೆ ರಾಡಿನ ಹೊರಗಿನ ಕಾಂಕ್ರೀಟ್ ಹೊದಿಕೆ, 50 ಮಿ.ಮೀ.ಗಿಂತ ಕಡಿಮೆ ಇರಬಾರದು, ಕಂಬಕ್ಕೆ ಸಾಮಾನ್ಯವಾಗಿ 40. ನೀರು-ಸಿಮೆಂಟ್ ಅನುಪಾತ 0.5 ಎಂದರೆ 50 ಕೆ.ಜಿ. ಚೀಲಕ್ಕೆ 25 ಲೀಟರ್ ನೀರು. ಸೈಟಿನಲ್ಲಿ ಕೊಡದಿಂದ ಸುರಿಯುವಾಗ ಅದು ಎಷ್ಟಾಗುತ್ತದೆ, ಹೆಚ್ಚಾದರೆ ಏನು ಕೆಡುತ್ತದೆ ಎಂದು ಕೇಳಿದರೆ, ಉತ್ತರ ನಿನ್ನ ಮನೆಯಲ್ಲೇ ಇದೆ.

ಊರಿನ ವಿಷಯವನ್ನೂ ಎತ್ತುತ್ತಾರೆ. ನಿಮ್ಮದು ಆಲಮಟ್ಟಿ ಹಿನ್ನೀರಿನ ಸೀಮೆ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಅದನ್ನು 524.256ಕ್ಕೆ ಏರಿಸುವ ಯೋಜನೆ ಇದೆ ಎಂಬುದು ನಿಮ್ಮ ಕಟ್ಟೆಯ ಮೇಲೆ ಕೂತ ಹಿರಿಯರಿಗೆಲ್ಲ ಗೊತ್ತು. ಆದರೆ 519.60 ಮೀಟರ್ ಎಂದರೆ ಎಲ್ಲಿಂದ ಅಳೆದದ್ದು? ಸಮುದ್ರಮಟ್ಟದಿಂದ. ಅಣೆಕಟ್ಟಿನ ಎತ್ತರ ಅದಲ್ಲ. ಲೆವೆಲ್ಲು, ಬೆಂಚ್‌ಮಾರ್ಕ್, ಕಾಂಟೂರ್, ಸರ್ವೆ ಪಾಠದ ಈ ಮೂರನ್ನೂ ಆ ಒಂದು ಅಂಕಿಯಿಂದಲೇ ಕೇಳಬಹುದು, ನಾನಂತೂ ಕೇಳುತ್ತೇನೆ. ವಿಜಯಪುರದಿಂದ ಬಂದವರಿಗೆ ಗೋಳಗುಮ್ಮಟ ಕೇಳುತ್ತೇನೆ. 1656ರ ಹೊತ್ತಿಗೆ ಮುಗಿದ ಕಟ್ಟಡ, ಒಳಗಿನ ವ್ಯಾಸ ಸುಮಾರು 38 ಮೀಟರ್, ನಡುವೆ ಒಂದು ಕಂಬವಿಲ್ಲ, ಉಕ್ಕಿನ ರಾಡಿಲ್ಲ. ಭಾರ ಕೆಳಗೆ ಹೇಗೆ ಇಳಿಯುತ್ತದೆ ಎಂದು ಒಂದಕ್ಕೊಂದು ಹೆಣೆದ ಆ ಕಮಾನುಗಳ ಮೇಲೆ ಬೆರಳಾಡಿಸಿ ಹೇಳಿದವರಿದ್ದಾರೆ, ‘ಪಿಸುಮಾತು ಕೇಳಿಸ್ತೈತ್ರಿ’ ಎಂದಷ್ಟೇ ಹೇಳಿದವರೂ ಇದ್ದಾರೆ. ಇಂಥ ಪ್ರಶ್ನೆಗೆ ಒಂದೇ ಸರಿಯುತ್ತರ ಇರುವುದಿಲ್ಲ. ಭಾರ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತೆಂದು ಹಿಂಬಾಲಿಸುವ ಅಭ್ಯಾಸ ಇದೆಯೇ ಎಂದು ನೋಡುತ್ತೇವೆ.

ಇಂಗ್ಲಿಷಿನ ಭಯ. ನಾನೂ ಕನ್ನಡ ಶಾಲೆಯಲ್ಲೇ ಕಲಿತವನು, ಹೀಗಾಗಿ ಸುಳ್ಳು ಸಮಾಧಾನ ಹೇಳುವುದಿಲ್ಲ. ಡ್ರಾಯಿಂಗಿನ ಟಿಪ್ಪಣಿ, ಕೋಡ್, ಇಮೇಲ್, ವರದಿ ಎಲ್ಲ ಇಂಗ್ಲಿಷಿನಲ್ಲೇ. ಓದಿ ಅರ್ಥ ಮಾಡಿಕೊಳ್ಳಲು, ನಾಲ್ಕು ಸಾಲು ತಪ್ಪಿಲ್ಲದೆ ಬರೆಯಲು ಬರಬೇಕು. ಪಟಪಟ ಮಾತಾಡಲು ಬರಲೇಬೇಕೆಂದಿಲ್ಲ. ನಮ್ಮ ಕಡೆಯ ಸಣ್ಣ ಕಚೇರಿಗಳಲ್ಲಿ ದಿನವಿಡೀ ಕನ್ನಡ, ಮರಾಠಿ, ಹಿಂದಿ ಬೆರೆತೇ ಓಡಾಡುತ್ತವೆ. ಸಿಕ್ಕಿಕೊಂಡಾಗ ‘ಸರ್, ಕನ್ನಡದಾಗ ಹೇಳಲೇನ್ರಿ?’ ಎಂದು ಕೇಳು. ಮೊದಲ ಒಂದು ನಿಮಿಷದ ಪರಿಚಯವನ್ನು ಮಾತ್ರ ಇಂಗ್ಲಿಷಿನಲ್ಲಿ ಚೆನ್ನಾಗಿ ತಯಾರು ಮಾಡಿಕೋ, ಬಾಯಿಪಾಠ ಬೇಡ. ಬೆಂಗಳೂರು, ಪುಣೆ, ಹೈದರಾಬಾದಿನ ದೊಡ್ಡ ಕನ್ಸಲ್ಟೆನ್ಸಿಗಳ ದಾರಿ ಬೇರೆ. ಅಲ್ಲಿ ಆನ್‌ಲೈನ್ ಪರೀಕ್ಷೆ, ತಾಂತ್ರಿಕ ಸುತ್ತು, ಎಚ್‌ಆರ್ ಸುತ್ತು ಎಂದು ಮೆಟ್ಟಿಲುಗಳಿರುತ್ತವೆ, ಸಿಜಿಪಿಎ ನೋಡಿಯೇ ಜರಡಿ ಹಿಡಿಯುವುದುಂಟು. ಅಲ್ಲಿಗೆ ಮಾತಿನ ಇಂಗ್ಲಿಷೂ ಬೇಕಾಗುತ್ತದೆ. ಎರಡು ವರ್ಷ ಇಲ್ಲಿ ಕೈ ಪಳಗಿಸಿ ಅಲ್ಲಿಗೆ ಹೋದವರು ನನ್ನ ಬಳಿಯೇ ಇದ್ದರು.

ಸಣ್ಣ ಕಚೇರಿಗಳು ಜಾಹೀರಾತು ಕೊಡುವುದು ಕಡಿಮೆ. ಹೊಸ ಪ್ರಾಜೆಕ್ಟ್ ಬಂದಾಗ ‘ಒಬ್ಬರು ಬೇಕಾಗಿದ್ದರು’ ಎಂದು ಪರಿಚಯದ ಪ್ರಾಧ್ಯಾಪಕರಿಗೆ ಫೋನ್ ಹೋಗುತ್ತದೆ. ಆದ್ದರಿಂದ ನಿನ್ನ ಪ್ರಾಜೆಕ್ಟ್ ಗೈಡ್‌ಗೆ, ಮಣ್ಣು ಪರೀಕ್ಷೆಯ ಲ್ಯಾಬಿನವರಿಗೆ, ಹಿಂದಿನ ಬ್ಯಾಚಿನ ಅಕ್ಕ-ಅಣ್ಣಂದಿರಿಗೆ ಹೇಳಿಡು. ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆಯ ಪೋರ್ಟಲ್‌ನಲ್ಲೂ ಹೆಸರು ನೋಂದಾಯಿಸು, 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೆ ಒಂದು ವರ್ಷದ ತರಬೇತಿ ಸ್ಟೈಪೆಂಡ್ ಸಹಿತ ಸಿಗುತ್ತದೆ. ಬಯೋಡೇಟಾ ಒಂದೇ ಪುಟ ಸಾಕು. ‘ಕಠಿಣ ಪರಿಶ್ರಮಿ’ ಎಂಬ ಸಾಲು ತೆಗೆದುಹಾಕಿ, ‘ಇಂಥ ಊರಿನಲ್ಲಿ ಇಷ್ಟು ಚದರಡಿಯ ಮನೆಯ ಸ್ಲ್ಯಾಬಿಗೆ ರಾಡಿನ ಲೆಕ್ಕ ಮಾಡಿದ್ದೇನೆ’ ಎಂದು ಬರೆ.

ನೀನು ಕೇಳದ ಒಂದು ವಿಷಯ. ಹೆಣ್ಣುಮಕ್ಕಳಿಗೆ ‘ಸೈಟಿಗೆ ಬರ್ತೀಯಾ? ಮದುವೆ ಯಾವಾಗ?’ ಎಂದು ಇಂದಿಗೂ ಕೇಳುತ್ತಾರೆ. ಎರಡನೆಯದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ‘ಕೆಲಸ ಕಲಿಯಬೇಕಂತ ಬಂದೇನಿ ಸರ್’ ಎಂದು ಅಲ್ಲಿಗೇ ನಿಲ್ಲಿಸು. ಮೊದಲನೆಯದಕ್ಕೆ ‘ಬರ್ತೇನ್ರಿ, ಗಾಡಿ ವ್ಯವಸ್ಥೆ ಹೆಂಗ್ರಿ?’ ಎಂದು ಕೇಳು. ಸೈಟಿನಲ್ಲಿ ಶೌಚಾಲಯ ಇದೆಯೇ ಎಂದೂ ನಾಚದೆ ಕೇಳು. ಉತ್ತರದಲ್ಲಿ ಕಚೇರಿಯ ಗುಣ ಗೊತ್ತಾಗುತ್ತದೆ. ಸಂಬಳ ಕೇಳುವುದೂ ತಪ್ಪಲ್ಲ. ಆದರೆ ಅದಕ್ಕಿಂತ ಮುಂಚೆ ‘ನನ್ನ ಡ್ರಾಯಿಂಗನ್ನ ಯಾರು ಚೆಕ್ ಮಾಡ್ತಾರ್ರಿ?’ ಎಂದು ಕೇಳು. ಹಿರಿಯರೊಬ್ಬರು ಕೆಂಪು ಪೆನ್ನಿನಿಂದ ತಿದ್ದುವ ಕಚೇರಿಗೆ ಸ್ವಲ್ಪ ಕಡಿಮೆ ಸಂಬಳವಾದರೂ ಸೇರು. ಯಾರೂ ನೋಡದೆ ನೇರ ಸೈಟಿಗೆ ಕಳಿಸುವ ಕಡೆ ಎಷ್ಟು ಕೊಟ್ಟರೂ ಹೋಗಬೇಡ.

ಬಾಂಡ್ ವಿಚಾರದಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಮೂಲ ಅಂಕಪಟ್ಟಿ ಕೊಡಬೇಡ. ತೋರಿಸು, ಜೆರಾಕ್ಸ್ ಕೊಡು, ಮೂಲವನ್ನು ಅಲ್ಲಿಯೇ ವಾಪಸ್ ತೆಗೆದುಕೊಂಡು ಬಾ. ನನ್ನ ಮೊದಲ ಕೆಲಸದಲ್ಲಿ ಒಂದು ಕಚೇರಿ ನನ್ನ ಅಂಕಪಟ್ಟಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿತ್ತು. ಎಂಟೆಕ್ ಪ್ರವೇಶಕ್ಕೆ ಕರೆ ಬಂದಾಗ ಕೊಡಲಿಲ್ಲ. ನಾಲ್ಕು ಸಲ ಕೇಳಿದೆ, ಐದನೆಯ ಸಲ ಹೋಗುವಷ್ಟರಲ್ಲಿ ದಿನಾಂಕ ಮುಗಿದಿತ್ತು. ಆ ವರ್ಷ ನನಗೆ ಮರಳಿ ಸಿಗಲಿಲ್ಲ. ಅದಕ್ಕೇ ನಮ್ಮ ಕಚೇರಿಯಲ್ಲಿ ಯಾರ ಮೂಲ ಕಾಗದವೂ ಒಂದು ರಾತ್ರಿಯೂ ಉಳಿಯುವುದಿಲ್ಲ.

ಬಾಂಡ್ ಎಂದಾಕ್ಷಣ ಎಲ್ಲವೂ ಕಾನೂನುಬಾಹಿರ ಎಂದು ತಿಳಿಯಬೇಡ. ಸಾರ್ವಜನಿಕ ವಲಯದ ಬ್ಯಾಂಕೊಂದರ ಮೂರು ವರ್ಷದ, ಎರಡು ಲಕ್ಷ ರೂಪಾಯಿಯ ಷರತ್ತನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅದೇ ಹೊತ್ತಿಗೆ 1872ರ ಕರಾರು ಕಾಯ್ದೆಯ 74ನೆಯ ಕಲಮಿನಂತೆ ಬಾಂಡಿನಲ್ಲಿ ಬರೆದ ಮೊತ್ತವೆಲ್ಲ ತಾನಾಗಿ ಕೊಡಬೇಕಾದ್ದಲ್ಲ, ನ್ಯಾಯಸಮ್ಮತವಾದ ಪರಿಹಾರವಷ್ಟೇ. ಹೀಗಾಗಿ ಅವಧಿ, ಮೊತ್ತ, ತರಬೇತಿ ಏನು ಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆದು, ಮನೆಗೆ ತಂದು, ತಿಳಿದವರಿಗೆ ತೋರಿಸಿ ಸಹಿ ಮಾಡು. ಖಾಲಿ ಚೆಕ್ಕಿಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಬೇಡವೇ ಬೇಡ. ಕೆಲಸ ಕೊಡಲು ಡಿಪಾಸಿಟ್ ಕೇಳಿದರೆ ಎದ್ದು ಬಾ. ಸಂಬಳ ಕೊಡಬೇಕಾದವರು ನಿನ್ನಿಂದ ಹಣ ಕೇಳುವುದೆಂದರೇನು?

ಈ ಎರಡು ವಾರದಲ್ಲಿ ಒಂದು ಭಾನುವಾರವನ್ನು ಅಪ್ಪನ ಜೊತೆ ಅವರು ಕೆಲಸ ಮಾಡುತ್ತಿರುವ ಮನೆಯಲ್ಲಿ ಕಳೆ. ಟೇಪು ಹಿಡಿದು ಒಂದು ಬೀಮು, ಒಂದು ಕಂಬ, ಒಂದು ಪಾಯ ಅಳತೆ ಮಾಡು. ರಾಡು ಎಷ್ಟು, ರಿಂಗಿನ ಅಂತರ ಎಷ್ಟು, ಕವರ್ ಬ್ಲಾಕ್ ಇದೆಯೇ ಬರೆದುಕೋ. ರಾತ್ರಿ ಕುಳಿತು ಮೇಲೆ ತೋರಿಸಿದ ರೀತಿಯಲ್ಲಿ ಲೆಕ್ಕ ಹಾಕಿ, ಅಲ್ಲಿ ಇರುವುದು ಸಾಕೇ ಎಂದು ನೋಡು. ಎರಡು ಹಾಳೆಯಾದೀತು. ಅದನ್ನು ಫೈಲಿನಲ್ಲಿಟ್ಟುಕೊಂಡು ಹೋಗಿ, ಅವರು ‘ಏನು ಮಾಡಿದ್ದೀ’ ಎಂದಾಗ ಮೇಜಿನ ಮೇಲಿಡು.

ಇನ್ನೊಂದು ಕೆಲಸ ಬಾಕಿ ಇದೆ. ಹೋದ ತಿಂಗಳು ಹೋಗಿದ್ದ ಆ ಮೊದಲ ಕಚೇರಿಗೆ ಒಂದು ಇಮೇಲ್ ಹಾಕು. ಅಂದು ಕೇಳಿದ ಬೀಮಿನ ಚಿತ್ರವನ್ನು ಸ್ವಚ್ಛವಾಗಿ ಬರೆದು, ಚಾಚಿದ ಭಾಗದಲ್ಲಿ ರಾಡು ಮೇಲೆ, ಒಳಗಿನ ಸ್ಪ್ಯಾನಿನ ನಡುವೆ ಕೆಳಗೆ ಎಂದು ಗುರುತಿಸಿ, ಬೀಮು ಎಲ್ಲೆಲ್ಲಿ ಎಷ್ಟು ಬಾಗುವ ಒತ್ತಾಯದಲ್ಲಿದೆ ಎಂದು ತೋರಿಸುವ ಬೆಂಡಿಂಗ್ ಮೊಮೆಂಟಿನ ಗೆರೆಯನ್ನೂ ಕೆಳಗೆ ಎಳೆದು, ಫೋಟೋ ತೆಗೆದು ಲಗತ್ತಿಸು. ‘ಅಂದು ಹೆದರಿ ಹೇಳಲಾಗಲಿಲ್ಲ, ಉತ್ತರ ಇದು. ನನ್ನ ತಂದೆ ಗೌಂಡಿ ಕೆಲಸ ಮಾಡುತ್ತಾರೆ’ ಎಂದು ಎರಡು ಸಾಲು ಸಾಕು. ನನಗೆ ಅಂಥ ಇಮೇಲ್ ಬಂದಿದ್ದರೆ ಅಂದು ಸಂಜೆಯೇ ಫೋನ್ ಮಾಡುತ್ತಿದ್ದೆ.